ಮೂಲೆ ಸೇರಿದ ಮಿಷನ್ನು: ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೇಲಿ "ದುಡ್ಡು ಕೊಟ್ಟು ತಂದು ಮೂಲೆಗೆ ಸೇರಿರೋ ಮಿಷನ್ನು, ಉಪಕರಣ ಏನಾದ್ರೂ ನಿಮ್ಮನೇಲಿದ್ರೆ ಬರೀರಿ" ಅಂತ ಕೊನೇಲಿ ಒಂದು ಸಾಲು ಹಾಕಿದ್ವಿ ಅಷ್ಟೇ. ಬಂದಿರೋ ಕಾಗದ, ವಾಟ್ಸಾಪ್ ಮೆಸೇಜು ನೋಡಿದ್ರೆ ರಾಜ್ಯದಲ್ಲಿ ಅಟ್ಟ ಖಾಲಿ ಇರೋ ಮನೇನೇ ಇಲ್ವೇನೋ ಅನ್ಸುತ್ತೆ. ಎಲ್ಲದಕ್ಕೂ ಉತ್ತರ ಬರೆಯೋಕೆ ಜಾಗ ಇಲ್ಲ, ಒಂದೇ ತರದವನ್ನ ಸೇರಿಸಿ ಕೆಲವನ್ನ ತಗೊಂಡಿದೀವಿ.

ಪ್ರಶ್ನೆ: ಎರಡೂವರೆ ಎಕರೆ ಅಡಿಕೆ ತೋಟ ಇದೆ. ಮೂರು ವರ್ಷದ ಹಿಂದೆ ಔಷಧಿ ಹೊಡೆಯೋಕೆ ಎಚ್‌ಟಿಪಿ ಸ್ಪ್ರೇಯರ್ (ಜೋರು ಒತ್ತಡದ ಪಂಪು) ತಗೊಂಡೆ, ಮರುವರ್ಷ ಕಳೆ ಕೊಚ್ಚೋ ಬ್ರಷ್ ಕಟ್ಟರ್ ತಗೊಂಡೆ. ಎರಡೂ ಸೇರಿ ವರ್ಷಕ್ಕೆ ಏಳೆಂಟು ದಿನ ಓಡಿದ್ರೆ ಹೆಚ್ಚು. ಉಳಿದಂಗೆ ಕೊಟ್ಟಿಗೇಲಿ ಜಾಗ ತಿನ್ನುತ್ತೆ, ಬಾಡಿಗೆಗೆ ತಂದಿದ್ರೆ ಆಗ್ತಿರ್ಲಿಲ್ವಾ ಅಂತ ನಮ್ಮನೆಯವ್ರು ದಿನಾ ಹೇಳ್ತಾರೆ. ಯಾರು ಸರಿ?
(ತೀರ್ಥಹಳ್ಳಿ ಕಡೆಯ ಓದುಗರು)

ಉತ್ತರ: ಸ್ಪ್ರೇಯರ್ ವಿಷ್ಯದಲ್ಲಿ ನೀವು ಸರಿ, ಬ್ರಷ್ ಕಟ್ಟರ್ ವಿಷ್ಯದಲ್ಲಿ ನಿಮ್ಮನೆಯವ್ರು. ಇಬ್ರನ್ನೂ ಸಮಾಧಾನ ಮಾಡೋಕೆ ಹೇಳ್ತಿಲ್ಲ, ನಿಜವಾಗ್ಲೂ ಲೆಕ್ಕ ಹಂಗೇ ಬರುತ್ತೆ.

ವರ್ಷದಲ್ಲಿ ಎಷ್ಟು ದಿನ ಓಡಿತು ಅಂತ ಎಲ್ರೂ ಎಣಿಸ್ತಾರೆ, ಆದ್ರೆ ಎಣಿಸಬೇಕಾಗಿದ್ದು ಅದಲ್ಲ. ನಿಮಗೆ ಆ ಮಿಷನ್ ಬೇಕಾದ ದಿನ ಊರಲ್ಲಿ ಇನ್ನೆಷ್ಟು ಜನಕ್ಕೆ ಅದೇ ಮಿಷನ್ ಬೇಕು ಅನ್ನೋದನ್ನ ಕೇಳ್ಕೊಳ್ಳಿ. ಅಡಿಕೆ ಉದುರಿಸೋ ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತು ಸುಣ್ಣದ ದ್ರಾವಣ) ಹೊಡೆಯೋದು ಮುಂಗಾರು ಹಿಡಿಯೋಕೆ ಮುಂಚೆ ಒಂದ್ಸಲ, ಅದಾಗಿ 40-45 ದಿನಕ್ಕೆ ಇನ್ನೊಂದ್ಸಲ, ಮಳೆ ಜಾಸ್ತಿ ಎಳೆದ್ರೆ ಮೂರನೇದು. ಆ ಎರಡನೇದು ಬರೋದು ಸುರಿಯೋ ಮಳೆ ನಡುವೆ, ಎರಡು ದಿನ ಹೊಳವಾಯ್ತು, ಅಂದ್ರೆ ಮಳೆ ಬಿಡುವು ಕೊಡ್ತು ಅಂದ್ರೆ ಸಾಕು ಇಡೀ ಊರಿಗೆ ಊರೇ ಮೈಲುತುತ್ತು ಸುಣ್ಣ ಕಲಸ್ಕೊಂಡು ನಿಂತಿರುತ್ತೆ. ಮೈಸೂರು ಸಂಸ್ಥಾನಕ್ಕೆ 1908ರಲ್ಲಿ ಬಂದ ಕೆನಡಾದ ಲೆಸ್ಲಿ ಕೋಲ್‌ಮನ್ ಸಾಹೇಬ್ರು ಈ ರೋಗದ ಮೇಲೆ ಕೆಲಸ ಮಾಡಿ ಬೋರ್ಡೋ ಹಿಡಿಸಿದ ಕಾಲದಿಂದ್ಲೂ ಮಲೆನಾಡಲ್ಲಿ ಇದೇ ಕತೆ, ಔಷಧಿ ಸಿಗುತ್ತೆ, ಹೊಳವು ಸಿಗೋದೇ ಕಷ್ಟ. ಅವತ್ತು ಬಾಡಿಗೆ ಸ್ಪ್ರೇಯರ್ ಕೇಳೋಕೆ ಹೋದ್ರೆ "ನಾಡಿದ್ದು ಬನ್ನಿ" ಅಂತಾರೆ, ನಾಡಿದ್ದು ಮತ್ತೆ ಮಳೆ, ಆಮೇಲೆ ನೋಡಿದ್ರೆ ಮರದ ಬುಡದಲ್ಲಿ ಅಡಿಕೆ ಉದುರಿ ಬಿದ್ದಿರುತ್ತೆ. ಹಂಗಾಗಿ ಆ ಸ್ಪ್ರೇಯರ್ 360 ದಿನ ಸುಮ್ನೆ ಕೂತ್ರೂ ನಷ್ಟ ಏನಿಲ್ಲ, ಅದಕ್ಕೆ ಸಂಬಳ ಕೊಡ್ತಿರೋದೇ ಆ ಎರಡು ದಿನಕ್ಕೆ.

ಬ್ರಷ್ ಕಟ್ಟರ್ ಹಂಗಲ್ಲ. ಕಳೆ ಈ ವಾರ ಹೊಡೆದ್ರೂ ಆಗುತ್ತೆ, ಮುಂದಿನ ವಾರ ಹೊಡೆದ್ರೂ ಆಗುತ್ತೆ. ಮಿಷನ್ ಸಮೇತ ಬಂದು ಹೊಡೆದುಕೊಟ್ಟು ಹೋಗೋರು ಈಗ ಎಲ್ಲಾ ಕಡೆ ಇದಾರೆ, ಅವರಿಗೆ ಕೈ ಪಳಗಿರುತ್ತೆ, ಬ್ಲೇಡು ಅವ್ರದ್ದು, ಪೆಟ್ರೋಲು ಅವ್ರದ್ದು, ಸೊಂಟನೋವೂ ಅವ್ರದ್ದೇ. ಎರಡೂವರೆ ಎಕರೆಗೆ ಸ್ವಂತದ್ದು ಬೇಕಿರ್ಲಿಲ್ಲ. ಆದ್ರೂ ತಗೊಂಡಾಗಿದೆ, ಈಗ ಮಾರಿದ್ರೆ ಅರ್ಧ ರೇಟೂ ಬರಲ್ಲ, ಪಕ್ಕದ ತೋಟದವ್ರ ಜೊತೆ ಮಾತಾಡ್ಕೊಂಡು ಇಬ್ರೂ ಬಳಸಿ. ಮುಯ್ಯಾಳು (ಇವತ್ತು ನಿಮ್ಮ ತೋಟಕ್ಕೆ ನಾನು, ನಾಳೆ ನನ್ನ ತೋಟಕ್ಕೆ ನೀವು) ಲೆಕ್ಕ ನಿಮ್ಮ ಕಡೆಯವ್ರಿಗೆ ನಾವು ಹೇಳ್ಕೊಡ್ಬೇಕಾ? ಆಳಿನ ಬದಲು ಮಿಷನ್, ಅಷ್ಟೇ ವ್ಯತ್ಯಾಸ.

ಸ್ಪ್ರೇಯರ್ ಬಗ್ಗೆ ಇನ್ನೊಂದು. ಬೋರ್ಡೋ ಹೊಡೆದ ದಿನಾನೇ ಸಂಜೆ ಎಷ್ಟೇ ಸುಸ್ತಾಗಿದ್ರೂ ಚೊಕ್ಕ ನೀರು ಬಿಟ್ಟು ಪಂಪು, ಪೈಪು, ಗನ್ನು ಎಲ್ಲಾ ತೊಳೀರಿ. ಸುಣ್ಣ ಒಳಗೆ ಒಣಗಿ ಕೂತ್ರೆ ನಾಜಲ್ ಕಟ್ಟುತ್ತೆ, ತಾಮ್ರ ಕಬ್ಬಿಣ ತಿನ್ನುತ್ತೆ. ಮುಂದಿನ ವರ್ಷ ಜೂನಲ್ಲಿ ಸ್ಪ್ರೇಯರ್ ಕೈಕೊಡೋದು ಈ ವರ್ಷ ಆಗಸ್ಟಲ್ಲಿ ತೊಳೀದೇ ಇಟ್ಟಿದ್ದಕ್ಕೆ.

ಪ್ರಶ್ನೆ: ನಮ್ಮಲ್ಲಿ 600 ಅಡಿಕೆ ಮರ ಉಂಟು. ಮರ ಹತ್ತುವವರು ಸಿಗುವುದಿಲ್ಲ ಅಂತ ಮಗ ಹೇಳಿ ಕಾರ್ಬನ್ ಫೈಬರ್ ದೋಟಿ (ಕೆಳಗೇ ನಿಂತು ಗೊನೆ ಕೊಯ್ಯುವ ಉದ್ದ ಕೋಲು) ತರಿಸಿದ್ದು ಮಾರಾಯ್ರೆ, ಸಣ್ಣ ದುಡ್ಡಲ್ಲ. ಎರಡು ದಿನ ಹಿಡಿದ, ಕುತ್ತಿಗೆ ನೋವು ಅಂತ ಬಿಟ್ಟ. ಈಗ ಅದು ಅಂಗಳದ ಗೋಡೆಗೆ ಒರಗಿ ನಿಂತದ್ದೇ. ಬೈಕ್ ತರ ಮರ ಏರುವ ಮಿಷನ್ ಒಂದು ತೆಗೆದರೆ ಹೇಗೆ?
(ಬಂಟ್ವಾಳ)

ಉತ್ತರ: ದಯವಿಟ್ಟು ಬೇಡ, ಸದ್ಯಕ್ಕಂತೂ ಬೇಡ. ಸಜೀಪಮೂಡದ ಗಣಪತಿ ಭಟ್ಟರು ಮಾಡಿದ ಆ ಮರ ಏರೋ ಬೈಕು ಒಳ್ಳೇ ಮಿಷನ್ನೇ, ನಿಮ್ಮ ತಾಲೂಕಿಂದೇ ಅದು, ಆದ್ರೆ ನಿಮ್ಮನೇಲಿ ಕೊರತೆ ಇರೋದು ಮಿಷನ್ನಿಂದಲ್ಲ, ಪಳಗಿದ ಕೈಯಿಂದು. ಮೊದಲನೇದು ಗೋಡೆಗೆ ಒರಗಿರೋವಾಗ ಎರಡನೇದು ತಂದ್ರೆ ಅದರ ಪಕ್ಕ ಇನ್ನೊಂದು ಒರಗುತ್ತೆ.

ದೋಟಿ ಎರಡು ದಿನಕ್ಕೆ ಯಾರಿಗೂ ಬರಲ್ಲ. ಮೇಲೆ ನೋಡ್ಕೊಂಡೇ ನಿಂತಿರ್ಬೇಕು, ಉದ್ದ ಜಾಸ್ತಿ ಆದಷ್ಟೂ ತುದಿ ಬಳುಕುತ್ತೆ, ಕತ್ತಿ ಗೊನೆಗೆ ಸಿಗೋ ಹೊತ್ತಿಗೆ ತೋಳು ಬಿದ್ದೋಗುತ್ತೆ. ಕಲಿಯೋದು ಗಿಡ್ಡ ಮರದಿಂದ, ದೋಟೀನ ಅರ್ಧ ಉದ್ದಕ್ಕೆ ಮಾತ್ರ ಬಿಚ್ಚಿಕೊಂಡು, ಬೆಳಿಗ್ಗೆ ಒಂದೆರಡು ಗಂಟೆ ಮಾತ್ರ. ಕೈ ಜೊತೆ ಕುತ್ತಿಗೇನೂ ಪಳಗಬೇಕು. ನಿಮ್ಮ ಕಡೆ ದೋಟಿ ತರಬೇತಿ ಶಿಬಿರ ಆಗ್ತಾ ಇರುತ್ತೆ, ಅಡಿಕೆ ಬೆಳೆಗಾರರ ಸಹಕಾರಿ ಕ್ಯಾಂಪ್ಕೊದ ಶಾಖೇಲೋ ನಿಮ್ಮ ಸೊಸೈಟೀಲೋ ವಿಚಾರ್ಸಿ ಮಗನ್ನ ಕಳಿಸಿ. ಅವನಿಗೆ ಮನಸ್ಸಿಲ್ಲ ಅಂದ್ರೆ ದೋಟಿ ಬಲ್ಲವನೊಬ್ಬನ್ನ ಹಿಡಿದು ನಿಮ್ಮ ದೋಟಿ ಕೊಟ್ಟು ಕೊಯ್ಲು ಮಾಡಿಸಿ, ಸ್ವಂತ ದೋಟಿ ಇಲ್ಲದ ಕೆಲಸಗಾರರು ಎಷ್ಟೋ ಜನ ಇದಾರೆ.

ಒಂದು ಮಾತ್ರ ಮರೀಬೇಡಿ, ಕಾರ್ಬನ್ ಫೈಬರ್‌ನಲ್ಲಿ ಕರೆಂಟ್ ಹರಿಯುತ್ತೆ. ಪ್ಲಾಸ್ಟಿಕ್ ತರ ಕಾಣುತ್ತೆ ಅಂತ ಮೋಸ ಹೋಗ್ಬೇಡಿ, ತೋಟದ ಮೇಲೆ ಅಥವಾ ಪಕ್ಕದಲ್ಲಿ ವಿದ್ಯುತ್ ಲೈನ್ ಇದ್ರೆ ಆ ಸಾಲಿನ ಮರಗಳಿಗೆ ದೋಟಿ ಎತ್ತಲೇಬಾರ್ದು. ಮತ್ತೆ ಅಂಗಳದ ಬಿಸಿಲಲ್ಲಿ ನಿಲ್ಲಿಸ್ಬೇಡಿ, ಬಿಸಿಲಿಗೆ ಮೇಲಿನ ರಾಳ ಹಾಳಾಗುತ್ತೆ. ಮಡಚಿ, ಕ್ಲಾಂಪಲ್ಲಿರೋ ಮಣ್ಣು ಒರೆಸಿ, ನೆರಳಲ್ಲಿ ಉದ್ದಕ್ಕೆ ಮಲಗಿಸಿಡಿ.

ಪ್ರಶ್ನೆ: ನಮಸ್ಕಾರ್ರಿ. ನಾವು ಎರಿ (ಕಪ್ಪು ಮಣ್ಣಿನ) ಹೊಲದವ್ರು. ಧಾರವಾಡ ಕೃಷಿ ಮೇಳದಾಗ ಕಳೆ ತೆಗಿಯೋ ಪವರ್ ವೀಡರ್ ಓಡಿಸಿ ತೋರಿಸಿದ್ರು, ಭಾಳ ಚಂದ ಓಡಿತ್ತು, ಆಮ್ಯಾಲೆ ಸಬ್ಸಿಡಿ ಮ್ಯಾಲೆ ತಗೊಂಡೆ. ಹೊಲಕ್ಕ ಒಯ್ದ್ರ ಮಣ್ಣು ಮೆತ್ಕೊಂಡು ಬ್ಲೇಡೇ ತಿರುಗವಲ್ದು. ಎರಡು ವರ್ಷ ಆತು, ತಾಡಪತ್ರಿ ಹೊಚ್ಚಿ ಇಟ್ಟೀನಿ. ಮಾರ್ಲೇನು, ಇಟ್ಕೊಳ್ಳೇನು?
(ನವಲಗುಂದ ಕಡೆಯಿಂದ)

ಉತ್ತರ: ಮೇಳದ ಮಣ್ಣು ಬೇರೆ ನಿಮ್ಮ ಮಣ್ಣು ಬೇರೆ. ಧಾರವಾಡದ ಸೆಪ್ಟೆಂಬರ್ ಮೇಳ ಇರ್ಲಿ, ಬೆಂಗಳೂರು ಕೃಷಿ ವಿ.ವಿ. ಜಿಕೆವಿಕೆಯ ನವೆಂಬರ್ ಮೇಳ ಇರ್ಲಿ, ಡೆಮೊ ಕೊಡೋ ಜಾಗವನ್ನ ಮೊದಲೇ ಹದ ಮಾಡಿಟ್ಟಿರ್ತಾರೆ, ಅಲ್ಲಿ ಯಾವ ಮಿಷನ್ ಆದ್ರೂ ಬೆಣ್ಣೆ ಕಡೆದಂಗೆ ಓಡುತ್ತೆ. ಎರಿ ಮಣ್ಣು ಹಸಿ ಇದ್ದಾಗ ಅಂಟುತ್ತೆ, ಒಣಗಿದ್ರೆ ಬಿರುಕು ಬಿಟ್ಟು ಕಲ್ಲಾಗುತ್ತೆ, ನಡುವೆ ಹದ ಇರೋದು ಕೆಲವೇ ದಿನ. ನೀವು ಬಹುಶಃ ಮಳೆಯಾದ ಬೆನ್ನಿಗೇ ಒಯ್ದಿರ್ತೀರಿ. ಈ ಸಲ ಮಣ್ಣು ಮುಷ್ಟೀಲಿ ಹಿಡಿದು ಬಿಟ್ರೆ ಉದುರೋ ಹದಕ್ಕೆ ಬಂದಾಗ ಒಂದು ಸಾಲು ಹೊಡೆದು ನೋಡಿ, ಬ್ಲೇಡು ಪೂರ್ತಿ ಇಳಿಸದೇ ಮೇಲುಮೇಲಕ್ಕೆ. ಆಗ್ಲೂ ಆಗ್ಲಿಲ್ಲ ಅಂದ್ರೆ ಎತ್ತು ಎಳೆಯೋ ಎಡೆಕುಂಟೇನೇ ಸರಿ, ಅದರಲ್ಲಿ ನಾಚಿಕೆ ಏನೂ ಇಲ್ಲ.

ಮಾರೋಕೆ ಮುಂಚೆ ಒಂದು ವಿಷ್ಯ. ಸಬ್ಸಿಡಿ ಮಿಷನ್ ತಗೊಳ್ಳುವಾಗ ಸಹಿ ಹಾಕಿದ ಕಾಗದಗಳಲ್ಲಿ ಇಷ್ಟು ವರ್ಷ ಮಾರಬಾರ್ದು ಅಂತ ಷರತ್ತು ಇದೆಯಾ ನೋಡಿ, ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ, ಆಮೇಲೆ ಗಿರಾಕಿ ಹುಡುಕಿ.

ಇನ್ನು ಮೇಲೆ ತಗೊಳ್ಳೋರಿಗೆ ಹೇಳೋದು, ಸಬ್ಸಿಡಿ ಅನ್ನೋದು ಮೂಲೆಗೆ ಹೋಗೋ ಮಿಷನ್‌ಗಳ ದೊಡ್ಡ ತಾಯಿ. ಸಾಮಾನ್ಯ ವರ್ಗಕ್ಕೆ ಶೇ. 50, ಪರಿಶಿಷ್ಟ ಜಾತಿ ಪಂಗಡದವ್ರಿಗೆ ಶೇ. 90ರ ತನಕ ಸಿಗುತ್ತೆ ಅಂದಾಗ ಎಲ್ರೂ ನೋಡೋದು ಸರ್ಕಾರ ಕೊಡೋ ಪಾಲನ್ನ, ಕೈಯಿಂದ ಹೋಗೋ ಪಾಲನ್ನ ಯಾರೂ ನೋಡಲ್ಲ. ಬೇಡದ ಮಿಷನ್ ಅರ್ಧ ರೇಟಿಗೆ ಬಂದ್ರೂ ದಂಡವೇ. 2014-15ರಿಂದ ಕೃಷಿ ಯಂತ್ರಧಾರೆ ಕೇಂದ್ರಗಳು ಹೋಬಳಿ ಮಟ್ಟದಲ್ಲಿ ಶುರುವಾಗಿವೆ, ಹೊರಗಿನ ರೇಟಿಗಿಂತ ಕಮ್ಮೀಲಿ ಮಿಷನ್ ಬಾಡಿಗೆಗೆ ಕೊಡ್ತಾರೆ. ನಿಮಗೆ ಬೇಕಾದ್ದು ಅಲ್ಲಿದ್ರೆ ಒಂದು ಹಂಗಾಮು ಅಲ್ಲಿಂದ ತಂದು ನಿಮ್ಮ ಹೊಲದಲ್ಲೇ ಓಡಿಸಿ ನೋಡಿ. ಬೇಕಾದ ದಿನ ಅಲ್ಲಿ ಪಾಳಿ ಸಿಗ್ಲಿಲ್ಲ, ಬೆಳೆ ಕೆಟ್ತು ಅನ್ನೋದು ಎರಡು ಸಲ ಆಯ್ತಾ, ಆಗ ಸ್ವಂತದ್ದು ತಗೊಳ್ಳಿ.

ಪ್ರಶ್ನೆ: ಆರು ತಿಂಗಳು ಸುಮ್ನೆ ಇಟ್ಟಿದ್ದ ಟೂ ಸ್ಟ್ರೋಕ್ ಬ್ರಷ್ ಕಟ್ಟರ್ ಎಷ್ಟು ಹಗ್ಗ ಎಳೆದ್ರೂ ಸ್ಟಾರ್ಟ್ ಆಗ್ತಿಲ್ಲ. ಮೆಕ್ಯಾನಿಕ್ ಕಾರ್ಬೊರೇಟರ್ ಬದಲಾಯಿಸ್ಬೇಕು ಅಂತಾನೆ. ಓಡಿಸ್ದೇ ಇದ್ರೂ ಹೆಂಗೆ ಹಾಳಾಗುತ್ತೆ?
(ಇದೇ ಪ್ರಶ್ನೆ ಶಿರಸಿ, ಕೊಪ್ಪ, ಸಕಲೇಶಪುರ, ಸುಳ್ಯ ನಾಲ್ಕು ಕಡೆಯಿಂದ ಬಂದಿದೆ)

ಉತ್ತರ: ಓಡಿಸ್ದೇ ಇದ್ದಿದ್ದಕ್ಕೇ ಹಾಳಾಗಿದ್ದು. ಟ್ಯಾಂಕಲ್ಲಿ ಪೆಟ್ರೋಲ್ ಬಿಟ್ಟು ಇಟ್ಟಿರ್ತೀರ. ಪೆಟ್ರೋಲಲ್ಲಿ ಹಗುರ ಇರೋ ಅಂಶ ತಿಂಗಳು ಎರಡು ತಿಂಗಳಲ್ಲಿ ಆವಿಯಾಗಿ ಹೋಗುತ್ತೆ, ಉಳಿದಿದ್ದು ಅಂಟಂಟಾಗಿ ಕಾರ್ಬೊರೇಟರಿನ ಸೂಜಿಮೊನೆಯಷ್ಟು ಸಣ್ಣ ಜೆಟ್ಟಲ್ಲಿ ಕೂತ್ಕೊಳ್ಳುತ್ತೆ. ಅದರ ಮೇಲೆ ಈಗಿನ ಪೆಟ್ರೋಲು. 2023ರ ಫೆಬ್ರವರೀಲಿ ಬೆಂಗಳೂರಲ್ಲೇ ಇ20 ಬಿಡುಗಡೆ ಮಾಡಿದ್ರಲ್ಲ, ಈಗ ಬಂಕಲ್ಲಿ ಬಹುಪಾಲು ಅದೇ, ಶೇ. 20 ಎಥೆನಾಲ್. ಎಥೆನಾಲ್‌ಗೆ ಗಾಳೀಲಿರೋ ತೇವ ಎಳ್ಕೊಳ್ಳೋ ಗುಣ ಇದೆ, ಮಲೆನಾಡಿನ ಜುಲೈ ಆಗಸ್ಟಲ್ಲಿ ಕೇಳ್ಬೇಕಾ, ನೀರು ಜಾಸ್ತಿ ಸೇರಿದ್ರೆ ಎಥೆನಾಲೂ ನೀರೂ ಒಂದಾಗಿ ಪೆಟ್ರೋಲಿಂದ ಬೇರೆಯಾಗಿ ಟ್ಯಾಂಕಿನ ತಳಕ್ಕಿಳಿಯುತ್ತೆ. ಪೆಟ್ರೋಲ್ ಪೈಪು ಎಳ್ಕೊಳ್ಳೋದು ತಳದಿಂದ್ಲೇ. ಹಳೇ ಮಿಷನ್ ಆದ್ರೆ ಒಳಗಿನ ರಬ್ಬರ್ ಪೈಪು, ಡಯಾಫ್ರಮ್ಮು (ಕಾರ್ಬೊರೇಟರ್ ಒಳಗಿನ ತೆಳು ಪೊರೆ) ಎಥೆನಾಲಿಗೆ ಉಬ್ಬೋದು, ಗಟ್ಟಿಯಾಗೋದು ಬೇರೆ.

ಕಾರ್ಬೊರೇಟರ್ ಬದಲಾಯಿಸೋ ಮುಂಚೆ ಬಿಚ್ಚಿ ಕ್ಲೀನರ್ ಸ್ಪ್ರೇ ಹೊಡೆದು ತೊಳೆಯೋಕೆ ಹೇಳಿ, ಡಯಾಫ್ರಮ್ ಕಿಟ್ ಮಾತ್ರ ಹೊಸದು ಹಾಕಿದ್ರೆ ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತೆ. ಅದಕ್ಕೂ ಮುಂಚೆ, ನಗ್ಬೇಡಿ, ಸೈಲೆನ್ಸರ್ ಬಾಯಿ ನೋಡಿ. ಕುಂಬಾರಹುಳ ಮಣ್ಣು ತಂದು ಗೂಡು ಕಟ್ಟಿದ್ರೆ ಹೊಗೆ ಹೋಗೋಕೆ ದಾರಿ ಇಲ್ಲದೆ ಇಂಜಿನ್ ಹಿಡಿಯೋದೇ ಇಲ್ಲ. ಸ್ಪ್ರೇಯರ್ ಗನ್ನಿನ ತೂತು, ಏರ್ ಫಿಲ್ಟರ್ ಎಲ್ಲಾ ಅದಕ್ಕೆ ಪ್ರೀತಿ. ವೈರು ಇಲಿಗೆ ಪ್ರೀತಿ.

ಮುಂದಿನ ಸಲ ಎತ್ತಿಡುವಾಗ ಟ್ಯಾಂಕ್ ಖಾಲಿ ಮಾಡಿ, ಆಮೇಲೆ ಸ್ಟಾರ್ಟ್ ಮಾಡಿ ತಾನಾಗೇ ನಿಲ್ಲೋ ತನಕ ಓಡಿಸಿ, ಆಗ ಕಾರ್ಬೊರೇಟರಲ್ಲಿ ಉಳಿದಿದ್ದೂ ಖಾಲಿಯಾಗುತ್ತೆ. ಆರಿದ ಮೇಲೆ ಪ್ಲಗ್ ಬಿಚ್ಚಿ ಒಳಗೆ ಟೂ ಸ್ಟ್ರೋಕ್ ಆಯಿಲ್ ನಾಲ್ಕು ಹನಿ ಬಿಟ್ಟು ಹಗ್ಗ ಮೆತ್ತಗೆ ಎರಡು ಮೂರು ಸಲ ಎಳೆದು ಪ್ಲಗ್ ಹಾಕಿ, ಸಿಲಿಂಡರ್ ತುಕ್ಕು ಹಿಡಿಯಲ್ಲ. ಸೈಲೆನ್ಸರ್ ಬಾಯಿಗೆ ಬಟ್ಟೆ ತುರುಕಿ, ತೆಗೆಯೋದು ಮರೀದಂಗೆ ಅದರ ತುದಿ ಹೊರಗೆ ಬಿಟ್ಟಿರಿ. ಕಲಸಿಟ್ಟ ಆಯಿಲ್ ಪೆಟ್ರೋಲು ಡಬ್ಬೀಲಿ ಉಳಿದಿದ್ರೆ ಅದನ್ನ ಮುಂದಿನ ವರ್ಷಕ್ಕೆ ಇಡ್ಬೇಡಿ, ಎಷ್ಟು ಬೇಕೋ ಅಷ್ಟೇ ಕಲಸಿ, ಎಷ್ಟಕ್ಕೆಷ್ಟು ಅನ್ನೋದು ಮಿಷನ್ ಜೊತೆ ಬಂದ ಪುಸ್ತಕದಲ್ಲಿರೋದೇ ಸರಿ, ಅಂಗಡಿಯವ್ನು ಹೇಳಿದ್ದಲ್ಲ.

ಪ್ರಶ್ನೆ: ಹೊಸ ಫ್ಲ್ಯಾಟಿಗೆ ಬಂದಾಗ ಆನ್‌ಲೈನ್ ಆಫರಲ್ಲಿ ಕಾರ್ಡ್‌ಲೆಸ್ ಡ್ರಿಲ್ಲು, ನೂರಾರು ಬಿಟ್ ಇರೋ ಕಿಟ್ಟು ತಗೊಂಡೆ. ಪರದೆಗೆ ನಾಲ್ಕು ತೂತು ಹೊಡೆದಿದ್ದು ಬಿಟ್ರೆ ಕೆಲಸ ಇರ್ಲಿಲ್ಲ. ಈಗ ತೆಗೆದ್ರೆ ಬ್ಯಾಟರಿ ಚಾರ್ಜೇ ಆಗ್ತಿಲ್ಲ. ಹೊಸ ಬ್ಯಾಟರಿ ತಗೊಳ್ಳೋದಾ, ಹೊಸ ಡ್ರಿಲ್ಲೇ ತಗೊಳ್ಳೋದಾ?
(ಬೆಂಗಳೂರು)

ಉತ್ತರ: ಎರಡೂ ಬೇಡ. ಲಿಥಿಯಂ ಬ್ಯಾಟರಿ ಪೂರ್ತಿ ಇಳಿದ ಮೇಲೆ ತಿಂಗಳುಗಟ್ಟಲೆ ಹಂಗೇ ಬಿಟ್ರೆ ಸೆಲ್ಲಿನ ವೋಲ್ಟೇಜ್ ಎಷ್ಟು ಕೆಳಗೆ ಹೋಗುತ್ತೆ ಅಂದ್ರೆ ಚಾರ್ಜರೇ ಅದನ್ನ ಮುಟ್ಟಲ್ಲ, ಮುಟ್ಟಬಾರ್ದು ಕೂಡ. ಯೂಟ್ಯೂಬ್ ನೋಡಿ ಬೇರೆ ಚಾರ್ಜರ್ ವೈರ್ ಹಚ್ಚಿ ಎಬ್ಬಿಸೋಕೆ ಹೋಗ್ಬೇಡಿ, ಬೆಂಕಿ ಹತ್ತುತ್ತೆ. ಎತ್ತಿಡೋದಾದ್ರೆ ಅರ್ಧ ಚಾರ್ಜಲ್ಲಿಡ್ಬೇಕು, ಮೂರ್ನಾಲ್ಕು ತಿಂಗಳಿಗೊಮ್ಮೆ ನೋಡ್ತಿರ್ಬೇಕು.

ಅಪರೂಪಕ್ಕೆ ತೂತು ಹೊಡೆಯೋರಿಗೆ ಯಾವತ್ತಿದ್ರೂ ವೈರ್ ಇರೋ ಡ್ರಿಲ್ಲೇ ಮೇಲು, ಹತ್ತು ವರ್ಷ ಬಿಟ್ಟು ಪ್ಲಗ್ ಹಾಕಿದ್ರೂ ತಿರುಗುತ್ತೆ. ಮೇಲೆ ಹೇಳಿದ ಲೆಕ್ಕಾನೇ ನಿಮಗೂ, ನಿಮ್ಮ ಅಪಾರ್ಟ್‌ಮೆಂಟಲ್ಲಿ ಎಲ್ರಿಗೂ ಒಂದೇ ದಿನ ಗೋಡೆಗೆ ತೂತು ಬೇಕಾಗಲ್ಲ. ಅಸೋಸಿಯೇಷನ್ನಿಂದ ಒಂದು ಹ್ಯಾಮರ್ ಡ್ರಿಲ್ಲು, ಒಂದು ಏಣಿ ತಂದು ಸೆಕ್ಯುರಿಟಿ ಹತ್ರ ರಿಜಿಸ್ಟರ್ ಇಟ್ರೆ ಮುಗೀತು. ರಿಜಿಸ್ಟರ್ ಬೇಕೇ ಬೇಕು, ಬಾಯಿಮಾತಲ್ಲಿ ಬಿಟ್ರೆ ಕೊಟ್ಟೋನು ಕೋಡಂಗಿ ಇಸ್ಕೊಂಡೋನು ವೀರಭದ್ರ.

ಪ್ರಶ್ನೆ: ಊರಿನ ಮನೆ ವರ್ಷದಲ್ಲಿ ಹತ್ತು ತಿಂಗಳು ಬೀಗ. ಇನ್ವರ್ಟರ್ ಬ್ಯಾಟರಿ ಎರಡೇ ವರ್ಷಕ್ಕೆ ಸತ್ತೋಯ್ತು, ಕರೆಂಟ್ ಹೋಗೋ ಅಷ್ಟು ದಿನ ನಾವಲ್ಲಿ ಇದ್ದೇ ಇಲ್ಲ.
(ಹಾಸನ ಮೂಲದ, ಪುಣೆಯಲ್ಲಿರುವ ಓದುಗರು)

ಉತ್ತರ: ಬೀಗ ಹಾಕುವಾಗ ಮೇನ್ ಸ್ವಿಚ್ ಆಫ್ ಮಾಡಿ ಹೋಗಿರ್ತೀರ. ಸೀಸ ಆಸಿಡ್ಡಿನ ಬ್ಯಾಟರಿ ಸುಮ್ನೆ ಕೂತ್ರೂ ತಾನಾಗೇ ಇಳಿಯುತ್ತೆ, ಸೆಖೆಗೆ ಇನ್ನೂ ಬೇಗ. 12.4 ವೋಲ್ಟಿಗಿಂತ ಕೆಳಗೆ ತಿಂಗಳಾನುಗಟ್ಟಲೆ ಇದ್ರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತೆ, ಆಮೇಲೆ ಚಾರ್ಜ್ ಹಿಡಿಯಲ್ಲ. ನೆಂಟ್ರು ಯಾರಾದ್ರೂ ಎರಡು ತಿಂಗಳಿಗೊಮ್ಮೆ ಬಂದು ಒಂದು ದಿನ ಪೂರ್ತಿ ಚಾರ್ಜಿಗೆ ಹಾಕಿ, ಡಿಸ್ಟಿಲ್ಡ್ ವಾಟರ್ ನೋಡಿ ಹೋಗೋ ಹಂಗಿದ್ರೆ ಇಟ್ಕೊಳ್ಳಿ, ಉಳಿದ ದಿನ ನೆಗೆಟಿವ್ ವೈರ್ ಬಿಚ್ಚಿಡಿ. ಹಂಗೆ ಯಾರೂ ಇಲ್ಲ ಅಂದ್ರೆ ಇನ್ವರ್ಟರ್ ಬೇಡ, ಎರಡು ತಿಂಗಳಿಗೆ ಒಂದೆರಡು ರೀಚಾರ್ಜ್ ಲೈಟ್ ಸಾಕು, ಹೋಗುವಾಗ ಬ್ಯಾಗಲ್ಲಿ ಹಾಕ್ಕೊಂಡು ಹೋಗಿ.

ಪ್ರಶ್ನೆ: ಡಿಎಸ್‌ಎಲ್‌ಆರ್ ಕ್ಯಾಮೆರಾ ಬ್ಯಾಗಲ್ಲಿ ಜೋಪಾನವಾಗಿಟ್ಟಿದ್ದೆ, ಲೆನ್ಸ್ ಒಳಗೆ ಜೇಡರ ಬಲೆ ತರ ಬಂದಿದೆ. (ಮಡಿಕೇರಿ)

ಉತ್ತರ: ಬೂಷ್ಟು ಅದು, ಬ್ಯಾಗಲ್ಲಿ ಜೋಪಾನ ಮಾಡಿದ್ದಕ್ಕೇ ಬಂದಿದ್ದು. ನಿಮ್ಮೂರಿನ ಮಳೆಗಾಲದಲ್ಲಿ ಬ್ಯಾಗಿನ ಸ್ಪಂಜು ತೇವ ಹಿಡಿದಿಟ್ಕೊಳ್ಳುತ್ತೆ, ಕತ್ಲೆ ಬೇರೆ. ಲೆನ್ಸ್ ಬಿಚ್ಚಿ ತೊಳೆಯೋರ ಹತ್ರ ಬೇಗ ಕೊಡಿ, ಬಿಟ್ರೆ ಗಾಜಿನ ಮೇಲಿನ ಕೋಟಿಂಗ್ ತಿನ್ನುತ್ತೆ. ಆಮೇಲೆ ರಬ್ಬರ್ ಬಿಗಿ ಇರೋ ಪ್ಲಾಸ್ಟಿಕ್ ಡಬ್ಬ, ಅದರಲ್ಲಿ ಸಿಲಿಕಾ ಜೆಲ್, ತೇವ ತೋರ್ಸೋ ಸಣ್ಣ ಮೀಟರ್. ಶೇ. 40ರಿಂದ 50ರ ಒಳಗಿರ್ಲಿ. ಜೆಲ್ ಬಣ್ಣ ತಿರುಗಿದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಿ. ಅಕ್ಕಿ ಹಾಕ್ಬೇಡಿ, ಹಿಟ್ಟಿನ ಧೂಳು ಒಳಗೆ ಸೇರುತ್ತೆ.

ಪ್ರಶ್ನೆ: ನನ್ನ ಕಾಲ್ತುಳಿತದ ಹೊಲಿಗೆ ಮಿಷನ್ ಹತ್ತು ಹನ್ನೆರಡು ವರ್ಷದಿಂದ ಮುಟ್ಟಿಲ್ಲ. ಗುಜರಿಗೆ ಹಾಕೋಣ ಅಂತಾರೆ ಯಜಮಾನ್ರು. ಅವರ ಮೂರು ಪಾನಾ ಸೆಟ್ಟು, ಒಂದು ವೆಲ್ಡಿಂಗ್ ಮಿಷನ್ನು ಮಾತ್ರ "ಯಾವತ್ತಾದ್ರೂ ಬೇಕಾಗುತ್ತೆ".
(ಮೈಸೂರು)

ಉತ್ತರ: ಖಂಡಿತಾ ಕೊಡ್ಬೇಡಿ. ಸುಮ್ನೆ ಕೂತ್ರೆ ಸಾಯೋದು ಬ್ಯಾಟರಿ, ರಬ್ಬರು, ಪೆಟ್ರೋಲು ಇರೋ ಸಾಮಾನು. ನಿಮ್ಮ ಮಿಷನಲ್ಲಿ ಇರೋದು ಬರೀ ಎರಕದ ಕಬ್ಬಿಣ, ಉಕ್ಕು, ಒಂದು ಚರ್ಮದ ಬೆಲ್ಟು. ಗಟ್ಟಿಯಾದ ಹಳೇ ಎಣ್ಣೆಯನ್ನ ಸೀಮೆಎಣ್ಣೇಲಿ ಒರೆಸಿ ತೆಗೀರಿ, ಹೊಲಿಗೆ ಮಿಷನ್ ಎಣ್ಣೇನ ಎಲ್ಲಾ ತೂತಿಗೂ ಬಿಟ್ಟು ಒಂದು ರಾತ್ರಿ ಇಟ್ಟು ಚಕ್ರ ಕೈಯಲ್ಲಿ ತಿರುಗಿಸಿ, ಬೆಲ್ಟು ಸೂಜಿ ಹೊಸದು ಹಾಕಿ. ತೆಂಗಿನೆಣ್ಣೆ ಮಾತ್ರ ಬೇಡ, ಚಳಿಗೆ ಹೆಪ್ಪುಗಟ್ಟಿ ಹಿಡ್ಕೊಳ್ಳುತ್ತೆ. ಪಾನಾ ಸೆಟ್ಟಿಗೂ ಎಣ್ಣೆ ಸವರಿಟ್ರೆ ಏನೂ ಆಗಲ್ಲ, ಅವರದ್ದೂ ಇರ್ಲಿ ಬಿಡಿ, ಆದ್ರೆ ಮೂರು ಯಾಕೆ ಅಂತ ನಾವೂ ಕೇಳ್ತಿದೀವಿ ಅಂತ ಹೇಳಿ.

ಪ್ರಶ್ನೆ: ಇಲ್ಲಿ ಗ್ಯಾರೇಜಲ್ಲಿ ಟೇಬಲ್ ಸಾ, ಪ್ರೆಶರ್ ವಾಷರ್, ಏಣಿ ಎಲ್ಲಾ ಧೂಳು ತಿಂತಾ ಇವೆ. ಪಕ್ಕದೂರಲ್ಲಿ ಲೈಬ್ರರಿಯಿಂದ ಪುಸ್ತಕದ ತರ ಉಪಕರಣ ತರಬಹುದು. ನಮ್ಮೂರಲ್ಲಿ ಇದು ನಡೆಯುತ್ತಾ?
(ಕ್ಯಾಲಿಫೋರ್ನಿಯಾ)

ಉತ್ತರ: ಬರ್ಕ್ಲಿ ಊರಿನ ಲೈಬ್ರರಿ ಇರ್ಬೇಕು ನೀವು ಹೇಳ್ತಿರೋದು, 1979ರಿಂದ ನಡೆಸ್ತಿದಾರೆ. ನಮ್ಮಲ್ಲಿ ಹೊಸದೇನಲ್ಲ. ದೇವಸ್ಥಾನದ ಹಂಡೆ, ಕೊಪ್ಪರಿಗೆ, ಸೌಟು ಊರಿನವ್ರ ಮದುವೆ ಮುಂಜಿಗೆ ಹೋಗಿ ಬರ್ತಿರ್ಲಿಲ್ವಾ? ಪುಸ್ತಕದಲ್ಲಿ ಬರೆದ್ಕೊಂಡು, ಎಣಿಸಿ ಕೊಟ್ಟು ಎಣಿಸಿ ತಗೋತಿದ್ರು. ಡ್ರಿಲ್ಲು, ಏಣಿ, ಗುಂಡಿ ತೋಡೋ ಮಿಷನ್ನಿಗೆ ನಿಮ್ಮೂರಿನ ಸೊಸೈಟೀಲಿ ಇವತ್ತೂ ಇದು ನಡೆಯುತ್ತೆ. ಆದ್ರೆ ಪಾತ್ರೆ ಮುರಿಯಲ್ಲ, ಇಂಜಿನ್ ಮುರಿಯುತ್ತೆ, ರಿಪೇರಿ ಯಾರು ಮಾಡಿಸೋದು ಅಂತ ಮೊದಲ ದಿನಾನೇ ಬರೆದಿಡಿ. ಊರಿಗೆ ಕಳಿಸೋ ಯೋಚನೆ ಇದ್ರೆ ಇನ್ನೊಂದು, ಅಲ್ಲಿನ 120 ವೋಲ್ಟಿನ ಮಿಷನ್ ಇಲ್ಲಿನ 230ಕ್ಕೆ ಹಾಕಿದ್ರೆ ಸುಟ್ಟೋಗುತ್ತೆ, ಏಣಿ ಮಾತ್ರ ಕಳಿಸಿ.

ಪ್ರಶ್ನೆ: ಟ್ರೆಡ್‌ಮಿಲ್ ಮಾರಿದ್ರೆ ಎಷ್ಟು ಬರ್ಬೋದು? (ದಾವಣಗೆರೆ)

ಉತ್ತರ: ಸಾಗಿಸೋ ಖರ್ಚು ತಗೊಳ್ಳೋರದ್ದು ಅಂತ ಒಪ್ಪಿಸಿದ್ರೆ ಅದೇ ಲಾಭ. ಮಾರೋ ಮುಂಚೆ ಬೆಲ್ಟಿನ ಅಡಿಗೆ ಸಿಲಿಕೋನ್ ಎಣ್ಣೆ ಬಿಟ್ಟು ಹತ್ತು ನಿಮಿಷ ಓಡಿಸಿ, ಬಂದೋರ ಎದುರಿಗೆ ಕಿರ್ರ್ ಅನ್ನಬಾರ್ದು. ಡಿಸೆಂಬರ್ ಕೊನೇ ವಾರ ಜಾಹೀರಾತು ಹಾಕಿ, ಹೊಸ ವರ್ಷಕ್ಕೆ ತೂಕ ಇಳಿಸ್ಬೇಕು ಅನ್ನೋರು ಆಗ ಹುಡುಕ್ತಿರ್ತಾರೆ. ಮಾರ್ಚಲ್ಲಿ ಹಾಕಿದ್ರೆ ಅವರೂ ನಿಮ್ಮ ಜೊತೆ ಮಾರೋಕೆ ನಿಂತಿರ್ತಾರೆ.